ಎದುರು ಬದಿಯ ಸಾಕ್ಷಿ

ಬೆಳಗ್ಗೆ ಎದ್ದಾಗಿನಿಂದ ಮೇಸ್ತ್ರಿಗೆ ತನ್ನ ಬಲಗೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಜೇಬಿನಲ್ಲಿಟ್ಟರೆ ಏನೋ ಕದ್ದವನ ಹಾಗೆ, ಹೊರಗೆ ಬಿಟ್ಟರೆ ಎಲ್ಲರೂ ಅದನ್ನೇ ನೋಡುತ್ತಿರುವ ಹಾಗೆ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ಅದು ಮೇಲೇರಿದ್ದು ಕಂಡು ಸರಕ್ಕನೆ ಇಳಿಸಿದ. ಕತ್ತಿನ ಗುಂಡಿ ಹಾಗೇ ಉಳಿಯಿತು. ಹಾಸಿಗೆಯ ಅಂಚಿನಲ್ಲಿ ಕೂತು ವಾಕರಿನ ಕಾಲಿಗೆ ರಬ್ಬರು ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡುತ್ತಿದ್ದ ಹೆಂಡತಿ ತಲೆಯೆತ್ತಿ, "ಮೇಲಿನ ಗುಂಡಿ ಹಾಕ್ಕೊಳ್ಳಿ. ಹೋಗ್ತಿರೋದು ಕೋರ್ಟಿಗೆ, ಸೈಟಿಗಲ್ಲ," ಎಂದಳು. ಅವಳ ದನಿಯಲ್ಲಿ ಅಳುಕಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದಳು, ತಲೆ ಬಾಚಿಕೊಂಡಿದ್ದಳು, ದೂರದ ಸಂಬಂಧಿಕರ ಮನೆಗೆ ಹೊರಟವಳ ಹಾಗೆ ಕೈಚೀಲದಲ್ಲಿ ನೀರಿನ ಬಾಟಲಿ, ಮಾತ್ರೆ, ಕರವಸ್ತ್ರ ಎಲ್ಲ ಇಟ್ಟುಕೊಂಡಿದ್ದಳು. ಅವಳಿಗೆ ಹೆದರಿಕೆಯಿಲ್ಲ ಎನ್ನುವುದೇ ಅವನಿಗೆ ದೊಡ್ಡ ಹೆದರಿಕೆಯಾಗಿತ್ತು. ಏನೂ ನೆನಪಿಲ್ಲವೋ, ಎಲ್ಲ ನೆನಪಿದ್ದೂ ಹೀಗಿದ್ದಾಳೋ? ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ದಿನದಿಂದ ಇವತ್ತಿನವರೆಗೆ ಅವಳು ಒಂದು ಸಲವಾದರೂ, ನೀವು ಕರೆದಿರಿ, ನಾನು ಬಂದೆ, ಅಂದಿರಲಿಲ್ಲ. ಅಂದಿದ್ದರೆ ಅವಳ ಕಾಲು ಹಿಡಿದು ಅತ್ತುಬಿಡುತ್ತಿದ್ದ, ಮುಗಿದುಹೋಗುತ್ತಿತ್ತು. ಅನ್ನದೆ ಇಟ್ಟುಕೊಂಡು ಕೊಲ್ಲುತ್ತಿದ್ದಾಳೆ ಎಂದು ಕೆಲವು ಸಲ ಸಿಟ್ಟೂ ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಮತ್ತೆ ನಾಚಿಕೆ.

ವಿಷಯ ಇಷ್ಟೇ. ಅವಳ ಸೊಂಟದ ಕೀಲಿಗೆ ಹಾಕಿದ ಕಂಬಿ ಸರಿಯಾಗಿ ಕೂತಿರಲಿಲ್ಲ. ಇನ್ನೊಂದು ಸಲ ಕೊಯ್ದು ಕೀಲನ್ನೇ ಬದಲಾಯಿಸಿದರೆ ವಾಕರ್ ಬಿಟ್ಟು ನಡೆಯಬಹುದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಬೇಕಾದ ಹಣ ಮನೆಯಲ್ಲಿ ಇರಲಿಲ್ಲ, ಅಪಘಾತದ ಪರಿಹಾರದಿಂದಲೇ ಬರಬೇಕು. ಪೂರ್ತಿ ಬಂದರೆ ಆಪರೇಷನ್ನು, ಅರ್ಧ ಬಂದರೆ ವಾಕರೇ ಗತಿ. ಗುದ್ದಿದ ವ್ಯಾನಿಗೆ ವಿಮೆ ಮಾಡಿದ್ದ ಕಂಪನಿಯವರು ಅರ್ಧಕ್ಕೆ ಪಟ್ಟು ಹಿಡಿದು ಕೂತಿದ್ದರು. "ಅಮ್ಮಂದೂ ತಪ್ಪಿದೆ ಅಂತಾರೆ ಅವರು. ಆಕೆ ರಸ್ತೆ ನೋಡದೆ ನುಗ್ಗಿದ್ರು ಅಂತ. ತಪ್ಪಲ್ಲಿ ಎಷ್ಟು ಪಾಲೋ ಪರಿಹಾರದಲ್ಲಿ ಅಷ್ಟು ಪಾಲು ಕಡಿತ," ಎಂದು ಮೇಸ್ತ್ರಿಯ ಕಡೆಯ ವಕೀಲೆ ನಿನ್ನೆ ತನ್ನ ಇಕ್ಕಟ್ಟಾದ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದ್ದಳು. ಮಗಳ ವಯಸ್ಸಿನ ಹುಡುಗಿ. ಮಾತಾಡುವಾಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. "ಎದುರು ಬದಿಯಲ್ಲಿ ನಿಂತಿದ್ದೋರು ನೀವು. ನೋಡಿದ ಸಾಕ್ಷಿ ನೀವೊಬ್ರೇ. ಅಮ್ಮ ಎರಡೂ ಕಡೆ ನೋಡಿ ಆಮೇಲೆ ರಸ್ತೆಗಿಳಿದರು, ನಾನು ಕಣ್ಣಾರೆ ಕಂಡೆ. ಇಷ್ಟೇ ಹೇಳಿ. ಬೇರೆ ಕಥೆ ಬೇಡ." ಮೇಸ್ತ್ರಿ ತಲೆಯಾಡಿಸಿದ್ದ. ಎದ್ದು ಬರುವಾಗ ಬಾಗಿಲ ಹತ್ತಿರ ನಿಂತು, "ಅಲ್ಲ ಮೇಡಂ, ಅವರಿಬ್ಬರದ್ದೂ ಅಲ್ಲದೆ ಮೂರನೇವ್ರ ತಪ್ಪೂ ಇದ್ರೆ ಅದು ಯಾರ ಲೆಕ್ಕಕ್ಕೆ ಹೋಗುತ್ತೆ?" ಎಂದು ಕೇಳಿದ್ದ. "ಮೂರನೇವ್ರು ಯಾರು?" ಎಂದು ಅವಳು ಪೆನ್ನು ಬಾಯಿಂದ ತೆಗೆದಳು. "ಯಾರಿಲ್ಲ. ಸುಮ್ನೆ ಕೇಳಿದೆ." ಸುಮ್ಮನೆ ಕೇಳಿದನಂತೆ ಪುಣ್ಯಾತ್ಮ. ಹೆಂಡತಿ ಆಗ ಹೊರಗೆ ವಾಕರಿಗೆ ಒರಗಿ ನಿಂತಿದ್ದಳು. ಕೇಳಿಸಿತೋ ಇಲ್ಲವೋ ಅವಳ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಅವನು ಜೀವಮಾನವಿಡೀ ಮಾಡಿದ್ದು ಕೈಸನ್ನೆಯ ಕೆಲಸ. ದೊಡ್ಡ ಕಟ್ಟಡಗಳು ಏಳುವ ಕಡೆ ಕ್ರೇನು ನಡೆಸುವವನು ಮೇಲೆ ಗೂಡಿನಲ್ಲಿ ಕೂತಿರುತ್ತಾನೆ, ಅವನಿಗೆ ಕೆಳಗಿನದು ಸರಿಯಾಗಿ ಕಾಣುವುದಿಲ್ಲ. ಕೆಳಗೆ ನಿಂತವನು ಕೈಯಲ್ಲೇ ಹೇಳಬೇಕು: ಎತ್ತು, ಇಳಿಸು, ಈ ಕಡೆ ತಾ, ಮೆಲ್ಲಗೆ, ಸಾಕು. ಮೇಲಿನವನು ಅವನೊಬ್ಬನ ಕೈಯನ್ನು ಬಿಟ್ಟು ಬೇರೆ ಯಾರ ಕೈಯನ್ನೂ ನೋಡಬಾರದು. ಸೈಟಿನಲ್ಲಿ ಅವನನ್ನು ಸನ್ನೆ ಮೇಸ್ತ್ರಿ ಎಂದೇ ಕರೆದರು, ಆಮೇಲೆ ಅದು ಬರೀ ಮೇಸ್ತ್ರಿಯಾಗಿ ಮನೆಯವರೆಗೂ ಬಂತು. ಮದುವೆಯಾದ ಹೊಸದರಲ್ಲಿ ಹೆಂಡತಿ ಈ ಊರಿನ ರಸ್ತೆ ನೋಡಿ ನಡುಗಿಬಿಟ್ಟಳು. ಕೈ ಹಿಡಿದು ದಾಟಿಸಲು ಅವನಿಗೆ ಸಂಕೋಚ; ಜೊತೆಯವರು ಯಾರಾದರೂ ನೋಡಿದರೆ ತಮಾಷೆ ಮಾಡಿಯಾರೆಂಬ ಬಿಗುಮಾನ. ಅದಕ್ಕೇ ತಾನು ಮೊದಲು ದಾಟಿ, ಎದುರು ಬದಿಯಲ್ಲಿ ನಿಂತು, ಎರಡೂ ಕಡೆ ನೋಡಿ, ಕೈಯೆತ್ತಿ ಬೆರಳು ಮಡಿಸಿ, ಬಾ, ಎನ್ನುವುದು. ಅವಳು ಹೊರಡುವುದು. ರಸ್ತೆ ನೋಡುವ ಕೆಲಸ ಅವನದು, ಅವನನ್ನು ನೋಡುವ ಕೆಲಸ ಅವಳದು. "ಟನ್ನುಗಟ್ಟಲೆ ಕಬ್ಬಿಣ ಇಳಿಸ್ತೀನಿ, ನಿನ್ನೊಬ್ಳನ್ನ ದಾಟಿಸೋದು ಯಾವ ಮಹಾ," ಎಂದು ಹೇಳಿ ನಗಿಸುತ್ತಿದ್ದ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಬೇರೆ ಊರಿಗೆ ಹೋದಳು; ಇವರು ಮಾತ್ರ ರಸ್ತೆ ದಾಟುವುದು ಹಾಗೆಯೇ ಉಳಿಯಿತು. ಮಗಳು ಬಂದಾಗಲೆಲ್ಲ, "ಇದೇನಮ್ಮ, ಗೊಂಬೆ ಥರ ಅಪ್ಪ ಕರೆದಾಗ ಹೋಗೋದು, ನಿಂಗೆ ಕಣ್ಣಿಲ್ವಾ?" ಎಂದು ರೇಗುತ್ತಿದ್ದಳು. ಹೆಂಡತಿ ನಗುತ್ತಿದ್ದಳು. ಆ ನಗುವಿನಲ್ಲಿ ಏನಿತ್ತೆಂದು ಮೇಸ್ತ್ರಿ ಎಂದೂ ನೋಡಲು ಹೋಗಿರಲಿಲ್ಲ, ತನ್ನನ್ನು ಹೊಗಳಿದ ಹಾಗೆ ತಿಳಿದುಕೊಂಡಿದ್ದ.

ಬಾಡಿಗೆ ಕಾರು ಕೋರ್ಟಿನ ಎದುರಿಗೆ ನಿಂತಾಗ ಅವನು ಇಳಿದು ವಾಕರ್ ಬಿಡಿಸಿ ಕೊಟ್ಟ. ಮೆಟ್ಟಿಲು ಹತ್ತುವಾಗ ಅವಳ ತೋಳಿಗೆ ಕೈ ಹಾಕಲು ಹೋದರೆ, "ಬೇಡ, ಲಯ ತಪ್ಪುತ್ತೆ," ಎಂದಳು. ಅವಳು ಹತ್ತುವುದನ್ನು ಕೆಳಗಿನಿಂದ ನೋಡುತ್ತ ನಿಂತ. ವಾಕರ್ ಎತ್ತಿ ಮೇಲಿನ ಮೆಟ್ಟಿಲಿಗಿಡುವುದು, ಒಳ್ಳೆಯ ಕಾಲು, ಆಮೇಲೆ ಕೆಟ್ಟ ಕಾಲು, ಉಸಿರು. ಹಿಂದಿನಿಂದ ಬಂದ ಯಾರೋ ಕರಿಕೋಟಿನವರು, "ಸ್ವಲ್ಪ ಸರೀರಿ," ಎಂದು ಅವಳನ್ನು ಬಳಸಿಕೊಂಡು ದಡದಡ ಹತ್ತಿಹೋದರು. ಅವನಿಗೆ ಅವರ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯುವ ಕೈ ಯಾವುದು? ಅದೇ ತಾನೆ? ಪೆಚ್ಚಾಗಿ ಹಿಂದೆ ಹತ್ತಿದ. ಒಳಗೆ ಹೋಗುವ ಮೊದಲು ವಕೀಲೆ ಇಬ್ಬರನ್ನೂ ಗೋಡೆಯ ಪಕ್ಕಕ್ಕೆ ಕರೆದು, ಮೊದಲು ಅಮ್ಮ, ಆಮೇಲೆ ನೀವು, ಒಬ್ಬರು ಹೇಳುವಾಗ ಇನ್ನೊಬ್ಬ ಸಾಕ್ಷಿ ಒಳಗಿರುವ ಹಾಗಿಲ್ಲ ಎಂದು ತಿಳಿಸಿದಳು. ಹೆಂಡತಿ ಬಾಗಿಲು ದಾಟಿ ಹೋದಳು. ವಾಕರಿನ ಟಕ್ ಟಕ್ ಸ್ವಲ್ಪ ದೂರ ಕೇಳಿ ನಿಂತುಹೋಯಿತು.

ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು, ಅದರ ಆ ತುದಿಯಲ್ಲಿ ಕೂತಿದ್ದವನು ವ್ಯಾನು ನಡೆಸುತ್ತಿದ್ದ ಆಸಾಮಿ. ನಡುವಯಸ್ಸು, ಕುರುಚಲು ಗಡ್ಡ, ಮಡಿಲಲ್ಲಿ ಟೋಪಿ. ಮೇಸ್ತ್ರಿಗೆ ಅವನ ಮುಖದ ಗುರುತು ಸಿಕ್ಕಿತು. ಈ ತುದಿಯಲ್ಲಿ, ಬೀಳುವ ಹಾಗೆ, ಅಂಚಿನಲ್ಲಿ ಕೂತ. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು, ಯಾರೂ ಬಂದು ಕೂರಲಿಲ್ಲ. ಈ ಮನುಷ್ಯನನ್ನು ಬಾಯಿತುಂಬ ಬೈಯಲು ತನಗೆ ಹಕ್ಕಿದೆ, ಎಲ್ಲರೂ ಅದನ್ನು ನಿರೀಕ್ಷಿಸುತ್ತಾರೆ, ಅವನೂ ನಿರೀಕ್ಷಿಸುತ್ತಿದ್ದಾನೆ ಎನ್ನುವುದು ಮೇಸ್ತ್ರಿಗೆ ಗೊತ್ತಿತ್ತು. ಬೈಗುಳ ಬರಲಿಲ್ಲ. ಬೈದರೆ ಅವನು ತಿರುಗಿ, ನೀನೇನು ಮಾಡುತ್ತಿದ್ದೆ ಎದುರುಗಡೆ ನಿಂತು, ಎಂದು ಕೇಳಿಬಿಟ್ಟರೆ?

ಏನು ಮಾಡುತ್ತಿದ್ದೆ ಅಂದರೆ, ಜಂಬ ಕೊಚ್ಚುತ್ತಿದ್ದೆ. ಅವತ್ತು ಎಂದಿನಂತೆ ಮೊದಲು ದಾಟಿ ಎದುರು ಬದಿಗೆ ಬಂದಾಗ ಟೀ ಅಂಗಡಿಯ ಮುಂದೆ ಗಿಡುಗ ಸಿಕ್ಕಿದ್ದ. ಕ್ರೇನಿನ ಗೂಡಿನಲ್ಲಿ ಕೂತು ಕೂತು ಆ ಹೆಸರು ಪಡೆದ ಹಳೆಯ ಜೊತೆಗಾರ. ಅವನ ಪಕ್ಕದಲ್ಲಿ ಸೊಂಟಕ್ಕೆ ರೇಡಿಯೋ ಸಿಕ್ಕಿಸಿಕೊಂಡ ಹೊಸ ಕೆಲಸಗಾರನೊಬ್ಬ. ಆ ರೇಡಿಯೋ ಕಂಡದ್ದೇ ಮೇಸ್ತ್ರಿಯ ಮೈ ಉರಿದಿತ್ತು. ಅದು ಸೈಟಿಗೆ ಬಂದ ಮೇಲೆಯೇ ತಾನೆ ಮೇಲಧಿಕಾರಿಗಳು ಅವನನ್ನು ಕರೆದು, ಇನ್ನು ಕೈ ಬೇಡ, ಬಾಯಲ್ಲೇ ಹೇಳ್ತಾರೆ, ನೀವು ಮನೇಲಿ ಆರಾಮಾಗಿರಿ ಎಂದದ್ದು? "ಇವನಿಗೆ ಒಂದ್ಸಲ ತೋರ್ಸಪ್ಪ, ನಿನ್ನ ಕೈ ಹೆಂಗಿತ್ತು ಅಂತ," ಎಂದು ಗಿಡುಗ ಹುರಿದುಂಬಿಸಿದ. ಬೇರೆ ಏನು ಬೇಕಿತ್ತು? "ಬಾಯಿ ಬಿಡದೇನೇ ತೊಲೇನ ಮೊಳೆ ಮೇಲೆ ಕೂರಿಸ್ತಿದ್ದೆ ಕಣಯ್ಯಾ, ನೋಡು," ಎಂದವನೇ ತೋಳು ಚಾಚಿ, ಬೆನ್ನು ನೆಟ್ಟಗೆ ಮಾಡಿ, ಅಂಗೈ ತನ್ನ ಕಡೆ ತಿರುಗಿಸಿ ಕರೆದ. ಈ ಕಡೆ ತಾ. ಇನ್ನೂ ತಾ. ಮೆಲ್ಲಗೆ. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ರೇಡಿಯೋದವನು ಬಾಯಿ ಬಿಟ್ಟುಕೊಂಡು ನಿಂತ. ಎಷ್ಟು ದಿನದ ಮೇಲೆ ಆ ಕೈಗೆ ನೋಡುವ ಕಣ್ಣುಗಳು ಸಿಕ್ಕಿದ್ದವು! ಹಿಂದುಗಡೆ ಹಾರ್ನು ಕೂಗಿತು, ಏನೋ ಬಿದ್ದ ಸದ್ದು, ಒಬ್ಬಳು ಹೆಂಗಸು ಕಿರುಚಿದಳು. ಕೈ ಇನ್ನೂ ಗಾಳಿಯಲ್ಲೇ ಇತ್ತು. ಆಮೇಲೆ ತಿರುಗಿ ನೋಡಿದಾಗಲೂ ಒಂದು ಕ್ಷಣ, ಪಾಪ ಯಾರಿಗೋ ಆಯಿತಲ್ಲ, ಎಂದೇ ಅಂದುಕೊಂಡಿದ್ದ.

ಆವತ್ತಿನಿಂದ ಅವನ ತಲೆಯೊಳಗೆ ಒಂದೇ ಮಾತು: ಅವಳು ತನ್ನ ಕೈ ನೋಡಿ ಹೊರಟಳು. ಗಿಡುಗನಿಗೆ ತೋರಿಸಿದ್ದನ್ನು ತನಗೆಂದು ತಿಳಿದು ಹೊರಟಳು. ಕಟ್ಟಡಗಳ ಮೇಲೆ ಅಷ್ಟೊಂದು ಕಬ್ಬಿಣ ಇಳಿಸಿ ಒಬ್ಬರ ಉಗುರಿಗೂ ನೋವು ಮಾಡದಿದ್ದ ಕೈ ಹೆಂಡತಿಯನ್ನು ವ್ಯಾನಿನ ಬಾಯಿಗೆ ಕರೆಯಿತು. ಯಾರಿಗೂ ಹೇಳಲಿಲ್ಲ. ಹೇಳದಿರುವುದಕ್ಕೆ ಅವನ ಹತ್ತಿರ ಒಳ್ಳೆಯ ಕಾರಣವೊಂದಿತ್ತು: ಹೇಳಿದರೆ ಕಂಪನಿಯವರು, ನೋಡಿದಿರಾ, ಆಕೆ ರಸ್ತೆಯನ್ನೇ ನೋಡಿಲ್ಲ, ಗಂಡನ ಕೈ ನೋಡಿಕೊಂಡು ಬಂದಿದ್ದಾಳೆ, ಎಂದು ಪೂರ್ತಿ ತಪ್ಪನ್ನೂ ಅವಳ ತಲೆಗೇ ಕಟ್ಟುತ್ತಾರೆ, ಆಪರೇಷನ್ನು ಕೈತಪ್ಪುತ್ತದೆ. ಈ ಒಳ್ಳೆಯ ಕಾರಣವನ್ನು ಮುಂದಿಟ್ಟುಕೊಂಡು ಅದರ ಬೆನ್ನಹಿಂದೆ ಕೆಟ್ಟ ಕಾರಣ ಬೆಚ್ಚಗೆ ಕೂತಿತ್ತು: ಸೈಟಿನವರಿಗೆ ಗೊತ್ತಾದರೆ ಏನಂದಾರು. ಎರಡೂ ಅವನಿಗೆ ಗೊತ್ತಿದ್ದವು. ಗೊತ್ತಿದ್ದೂ ಮೊದಲನೆಯದನ್ನೇ ಮನಸ್ಸಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಇವತ್ತು ಒಳಗೆ ಹೋಗಿ ಅವಳು ಎರಡೂ ಕಡೆ ನೋಡಿದಳು ಎಂದು ಸುಳ್ಳು ಹೇಳುವುದು, ಆ ಸುಳ್ಳಿನಿಂದ ಅವಳಿಗೆ ಒಂದು ಕಾಲು ಕೊಡಿಸುವುದು, ಅಲ್ಲಿಗೆ ತನ್ನ ತಪ್ಪು ತೀರಿತು ಎಂದು ಒಂದು ತರಹದ ಒಪ್ಪಂದಕ್ಕೂ ಬಂದುಬಿಟ್ಟಿದ್ದ.

"ಯಜಮಾನ್ರೇ," ಎಂದ ವ್ಯಾನಿನವನು ಇದ್ದಕ್ಕಿದ್ದಂತೆ. ಗೋಡೆಯ ಕಡೆ ನೋಡುತ್ತಲೇ ಮಾತಾಡಿದ. "ಅಮ್ಮಾವ್ರು ಹೇಗಿದಾರೆ ಅಂತ ಕೇಳೋ ಮುಖ ನಂಗಿಲ್ಲ."

"ಕಾಣುತ್ತಲ್ಲ," ಎಂದ ಮೇಸ್ತ್ರಿ.

"ಕಾಣುತ್ತೆ." ಟೋಪಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ಒಂದು ಮಾತು ಹೇಳ್ತೀನಿ, ಒಳಗೆ ಹೇಳೋಕಾಗಲ್ಲ. ಕಂಪನಿ ವಕೀಲರು, ಆಯಮ್ಮ ಹುಚ್ಚಿ ಥರ ಅಡ್ಡ ಬಂದ್ರು ಅಂತ ಹೇಳು, ಇಲ್ಲಾಂದ್ರೆ ನಿನ್ನ ಲೈಸೆನ್ಸು ಹೋಗುತ್ತೆ ಅಂತ ಹೇಳ್ಕೊಟ್ಟಿದಾರೆ. ಆದ್ರೆ ಅಮ್ಮಾವ್ರು ನೋಡಿದ್ರು. ನಾನು ಪಕ್ಕದ ಗಲ್ಲಿಯಿಂದ ತಿರುಗಿಸ್ದೆ ನೋಡಿ, ಸ್ವಲ್ಪ ಜೋರಾಗೇ ತಿರುಗಿಸ್ದೆ. ಅಷ್ಟೊತ್ತಿಗೆ ಅವರು ಅರ್ಧ ರಸ್ತೇಲಿದ್ರು. ನನ್ನ ಕಡೇನೇ ನೋಡಿದ್ರು. ನಿಲ್ತಾನೆ ಅಂದ್ಕೊಂಡ್ರು ಅವರು. ನಿಲ್ತಾರೆ ಅಂತ ಹಾರ್ನ್ ಹೊಡ್ದೆ ನಾನು. ಬ್ರೇಕ್ ಹೊಡೀಬೇಕಿತ್ತು."

ಈತ ತಪ್ಪು ತಿಳಿದಿದ್ದಾನೆ ಎಂದುಕೊಂಡ ಮೇಸ್ತ್ರಿ. ಅವಳು ನೋಡುವವಳಲ್ಲ. ನೋಡಿದ್ದರೆ ತನ್ನನ್ನು ನೋಡಿರಬೇಕು, ತನ್ನ ಕೈಯನ್ನು. ಇವನು ನಡುವೆ ಬಂದು ತನ್ನನ್ನೇ ನೋಡಿದಳು ಎನ್ನುತ್ತಿದ್ದಾನೆ. ಅವನ ಮೇಲೆ ಸಣ್ಣ ಮತ್ಸರದಂಥದ್ದು ಹುಟ್ಟಿತು, ಹುಟ್ಟಿದ್ದು ಕಂಡು ಮೇಸ್ತ್ರಿಗೇ ಅಸಹ್ಯವಾಯಿತು. ತಪ್ಪಿತಸ್ಥನಾಗಿ ಇವನೊಬ್ಬ ಗೋಡೆ ನೋಡಿಕೊಂಡಾದರೂ ಬಾಯಿಬಿಟ್ಟ. ತಾನು?

ಬಾಗಿಲು ತೆರೆದು ಮೊದಲು ವಕೀಲೆ, ಹಿಂದೆ ಹೆಂಡತಿ ಬಂದರು. ಊಟದ ಬಿಡುವಂತೆ. "ಅಮ್ಮ ಚೆನ್ನಾಗಿ ಹೇಳಿದ್ರು," ಎಂದು ವಕೀಲೆ ಗೆಲುವಾಗಿ ಹೇಳಿದಳು. "ಈಗ ನಿಮ್ಮ ಮೇಲೆ ನಿಂತಿದೆ. ನೀವಿಬ್ರೂ ಈ ವಿಷಯ ಮಾತಾಡ್ಕೋಬೇಡಿ ಮತ್ತೆ," ಎಂದು ಬೆರಳು ತೋರಿಸಿ ಫೋನು ಕಿವಿಗಿಟ್ಟುಕೊಂಡು ಹೊರಟುಹೋದಳು. ವ್ಯಾನಿನವನು ಟೋಪಿ ಹಾಕಿಕೊಂಡು ಎದ್ದು ತಲೆತಗ್ಗಿಸಿ ಇನ್ನೊಂದು ಕಡೆಗೆ ನಡೆದ. ಹೆಂಡತಿ ಬೆಂಚಿನ ನಟ್ಟನಡುವೆ, ಆ ಖಾಲಿ ಜಾಗದಲ್ಲಿ, ಉಸ್ಸೆಂದು ಕೂತಳು. ನೀರು ಕುಡಿದಳು. ಬಾಟಲಿಯನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನನ್ನ ಕೈ ನೋಡಿ ತಾನೆ ನೀನು ಬಂದಿದ್ದು?" ಎಂದ.

ಅಷ್ಟು ದಿನ ಗಂಟಲಲ್ಲಿ ಕೂತಿದ್ದ ಮಾತು, ಟೀ ಬೇಕಾ ಎಂದು ಕೇಳಿದಷ್ಟು ಸಲೀಸಾಗಿ ಹೊರಗೆ ಬಿದ್ದಿತ್ತು. ಅವಳು ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದಳು. "ಯಾವ ಕೈ?"

"ಅವತ್ತು. ಗಿಡುಗನಿಗೆ ತೋರಿಸ್ತಿದ್ದೆ. ನಿಂಗೆ ಅಂದ್ಕೊಂಡು ಬಂದೆ. ನಂಗೊತ್ತು. ನಾನೇ ನಿನ್ನ..." ಮುಂದಿನದು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಳುವುದಕ್ಕೆ ಅವನು ಸಿದ್ಧನಾಗಿಯೇ ಇದ್ದ, ಎಷ್ಟೋ ದಿನದಿಂದ ಸಿದ್ಧನಾಗಿದ್ದ.

ಹೆಂಡತಿಗೆ ನಗು ಬಂತು, ತಡೆದುಕೊಂಡಳು. "ಇದನ್ನೇನಾ ಇಷ್ಟು ದಿನ ಒಳಗಿಟ್ಕೊಂಡು ಸೊರಗಿದ್ದು? ಅಲ್ಲ ರೀ, ನಿಮ್ಮ ಕೈ ನಾನು ಇವತ್ತು ನೋಡ್ತಿರೋದಾ? ನಂಗೆ ಬೀಸೋದು ಯಾವುದು, ಊರಿಗೆ ಬೀಸೋದು ಯಾವುದು ಅಂತ ಅಷ್ಟೂ ತಿಳಿಯಲ್ವಾ? ನನ್ನ ಕರೆಯೋವಾಗ ನೀವು ಈ ಕಡೆ ಮುಖ ಮಾಡಿರ್ತೀರಿ. ಅವತ್ತು ನಂಗೆ ಕಂಡಿದ್ದು ನಿಮ್ಮ ಬೆನ್ನು."

"ಮತ್ತೆ ಯಾಕೆ ಬಂದೆ?"

"ಕಾದೆ," ಎಂದಳು. ಹೇಳಬೇಕೋ ಬೇಡವೋ ಎಂದು ನೋಡುವವಳಂತೆ ವಾಕರಿನ ಹಿಡಿಯನ್ನು ಉಜ್ಜಿದಳು. "ಬಸ್ಸು ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ನನ್ನ ಪಕ್ಕ ನಿಂತಿದ್ದೋರೆಲ್ಲ ದಾಟ್ಕೊಂಡು ಹೋದ್ರು, ಆಮೇಲೆ ಬಂದೋರೂ ಹೋದ್ರು. ನಾನೊಬ್ಳೇ ಗೂಟ ಹೊಡೆದ ಹಾಗೆ. ನೀವು ತಿರುಗ್ತೀರಿ, ಈಗ ತಿರುಗ್ತೀರಿ ಅಂತ. ಒಬ್ಬಳು ಹೆಂಗಸು, ಯಾಕಮ್ಮ, ದಾಟಿಸ್ಬೇಕಾ, ಅಂತ ಕೇಳಿದ್ಲು. ಕುರುಡೀನ ಕೇಳಿದ ಹಾಗೆ. ನಂಗೆ ನಾಚಿಕೆ ಆಗ್ಬಿಡ್ತು. ನೀವು ನನ್ನ ಮರೆತೇಬಿಟ್ಟಿದ್ರಿ ಅಂತ ಗೊತ್ತಾಯ್ತು. ಸರಿ, ಇವರು ಕರೆಯೋವರೆಗೂ ನಿಂತ್ರೆ ಸಂಜೆ ಆಗುತ್ತೆ ಅಂತ ನಾನೇ ಎರಡೂ ಕಡೆ ನೋಡ್ದೆ, ಹೊರಟೆ. ಚೆನ್ನಾಗೇ ನೋಡ್ದೆ. ಅರ್ಧ ರಸ್ತೆ ದಾಟಿದ್ದೆ ಗೊತ್ತಾ?" ಕೊನೆಯ ಮಾತು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು, ಸಂದೇಹವೇ ಬೇಡ. "ಆ ವ್ಯಾನು ಗಲ್ಲಿಯಿಂದ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಒಳಗೂ ಇದನ್ನೇ ಹೇಳ್ದೆ. ನೀವು ಯಾರ ಹತ್ರ ಮಾತಾಡ್ತಿದ್ರಿ ಅನ್ನೋದು ಬಿಟ್ಟು. ಆ ವಕೀಲ ಕೇಳಿದ, ನೀವು ನೋಡಿದ್ದನ್ನ ಕಂಡೋರು ಯಾರಿದಾರೆ ಅಂತ. ನಮ್ಮೆಜಮಾನ್ರು ಅಂದೆ. ಇನ್ನೇನು ಹೇಳ್ಲಿ?"

ಅಲ್ಲಿಗೆ ಎದೆಯ ಮೇಲಿನ ಚಪ್ಪಡಿ ಇಳಿಯಬೇಕಿತ್ತು. ಕೈಯ ತಪ್ಪಿಲ್ಲ ಎಂದಾಯಿತಲ್ಲ, ಹಾಯಾಗಿ ಉಸಿರು ಬಿಡಬೇಕಿತ್ತು. ಮೇಸ್ತ್ರಿಗೆ ಆದದ್ದು ಬೇರೆ. ತನ್ನದೆಂದು ಇಷ್ಟು ದಿನ ಅಪ್ಪಿಕೊಂಡು ಮಲಗಿದ್ದ ದೊಡ್ಡ ತಪ್ಪೊಂದನ್ನು ಅವಳು ನಗುತ್ತ ಕಿತ್ತುಕೊಂಡಂತಾಯಿತು. ತನ್ನ ಕೈ ಕರೆದರೆ ಹೆಂಡತಿ ಸಾವಿನ ಬಾಯಿಗೂ ನಡೆದು ಬರುತ್ತಾಳೆ ಎಂದು ನಂಬಿದ್ದನಲ್ಲ, ಅದರೊಳಗೂ ಟೀ ಅಂಗಡಿಯ ಮುಂದಿನ ಆ ಜಂಬವೇ ಇತ್ತಲ್ಲ! ರಾತ್ರಿಗಳೆಲ್ಲ ಹೊರಳಾಡಿದ್ದು, ಊಟ ಬಿಟ್ಟದ್ದು, ಜೇಬಿನಲ್ಲಿ ಕೈ ಬಚ್ಚಿಟ್ಟದ್ದು ಎಲ್ಲವೂ ತನ್ನ ಕೈಯ ಮಹಿಮೆಯನ್ನೇ ಹಾಡಿಕೊಂಡದ್ದು. ಅವಳು ನೋಡಿದ್ದು ಬೆನ್ನು. ರಸ್ತೆಯ ಆಚೆ ಬದಿಯಲ್ಲಿ ಹೆಂಡತಿಯೊಬ್ಬಳು ನಿಂತಿದ್ದಾಳೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ. ಇದು ಎಷ್ಟು ಸಣ್ಣ ತಪ್ಪು ಎಂದರೆ ಯಾವ ಕೋರ್ಟೂ ಇದಕ್ಕೆ ಪಾಲು ಹಾಕುವುದಿಲ್ಲ, ಯಾರ ಕಾಲು ಹಿಡಿದು ಅಳುವುದಕ್ಕೂ ಬರುವುದಿಲ್ಲ. ಸಣ್ಣದಾದ್ದರಿಂದಲೇ ಅದು ಅವನನ್ನು ಹಿಡಿಯಷ್ಟು ಮಾಡಿತು. ಸೈಟಿನಿಂದ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವತ್ತು ಯಾವ ತೊಲೆ ಹೇಗೆ ಇಳಿಸಿದೆ ಎಂದು ಶುರುಮಾಡುತ್ತಿದ್ದ ಸಂಜೆಗಳು, ಅವಳು ತಟ್ಟೆ ಹಿಡಿದುಕೊಂಡು ನಿಂತಿರುತ್ತಿದ್ದುದು ಕಣ್ಣಮುಂದೆ ಬಂತು; ತಟ್ಟೆ ಬಿಸಿಯಿದ್ದಿರಬಹುದು ಎಂದು ಈಗ ಹೊಳೆಯಿತು. ಅಷ್ಟು ಸಂಜೆಗಳಲ್ಲಿ ಅವಳ ದಿನ ಹೇಗಿತ್ತೆಂದು ಕೇಳಿದ್ದು ಒಂದಾದರೂ ನೆನಪಾಗಲಿ ಎಂದು ಹುಡುಕಿದ. ನೆನಪಾಗಲಿಲ್ಲ.

"ತಪ್ಪಾಯ್ತು ಕಣೇ," ಎಂದ.

"ಕ್ರೇನ್ ಮೇಲಿನೋರಿಗೆ ಕೇಳೋ ಹಾಗೆ ಹೇಳ್ಬೇಡಿ, ಎಲ್ಲ ನೋಡ್ತಿದಾರೆ," ಎಂದಳು. ಕೈಚೀಲದಿಂದ ಕರವಸ್ತ್ರ ತೆಗೆದು ಅವನ ತೊಡೆಯ ಮೇಲಿಟ್ಟಳು. "ಮುಖ ಒರೆಸ್ಕೊಳ್ಳಿ. ಈಗ ನಿಮ್ಮನ್ನ ಕರೀತಾರೆ."

ಕರೆದರು. ಅವನ ಹಿಂದೆಯೇ ಅವಳೂ ವಾಕರ್ ಊರಿಕೊಂಡು ಒಳಗೆ ಬಂದಳು. ಕೇಸು ಹಾಕಿದವಳು ಅವಳೇ, ಅವಳ ಸಾಕ್ಷಿಯೂ ಮುಗಿದಿತ್ತು, ಆದ್ದರಿಂದ ಇನ್ನು ಅವಳು ಕೂತು ಕೇಳಬಹುದಾಗಿತ್ತು. ಎಡಗಡೆ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಳು. ಕೋಣೆ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಫ್ಯಾನು ಕಿರುಗುಡುತ್ತಿತ್ತು. ನ್ಯಾಯಾಧೀಶರು ಕನ್ನಡಕ ಒರೆಸಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸು, ಶಾಲೆಯ ಹೆಡ್ಮಿಸ್ಸಿನ ಹಾಗಿದ್ದರು. ಸತ್ಯವನ್ನೇ ಹೇಳುತ್ತೇನೆಂದು ಮೇಸ್ತ್ರಿ ಪ್ರಮಾಣ ಮಾಡಿದ. ಅವನ ವಕೀಲೆ ಕೇಳಿದ್ದಕ್ಕೆ, ಹೌದು, ನೋಡಿದಳು, ಎರಡೂ ಕಡೆ ನೋಡಿದಳು, ಎಂದ. ಬೆಳಗ್ಗೆ ಇದೇ ಮಾತು ಸುಳ್ಳೆಂದು ತಿಳಿದು ಹೇಳಲು ಬಂದಿದ್ದ. ಈಗ ಅದು ನಿಜವೆಂದು ಗೊತ್ತು, ಆದರೆ ಕಂಡೆ ಎನ್ನುವುದು ಮಾತ್ರ ಸುಳ್ಳು. ನಿಜವನ್ನೇ ಹೇಳುವ ಸುಳ್ಳುಸಾಕ್ಷಿಯಾಗಿ ಅವನು ಕಟಕಟೆಯ ಮರ ಹಿಡಿದು ನಿಂತಿದ್ದ.

ಕಂಪನಿಯ ವಕೀಲರು ನಿಧಾನದ ಮನುಷ್ಯ, ದನಿಯೆತ್ತುತ್ತಿರಲಿಲ್ಲ. ಎದ್ದು ಬಂದು, "ಎದುರು ಬದಿಯಲ್ಲಿ ಟೀ ಅಂಗಡಿ ಇದೆ ಅಲ್ವಾ?" ಎಂದರು. ಇದೆ ಎಂದ. "ಅಲ್ಲಿ ನಿಮಗೆ ಪರಿಚಯದೋರು ಯಾರಾದ್ರೂ ಸಿಕ್ಕಿದ್ರಾ?" ಸಿಕ್ಕಲಿಲ್ಲ ಎಂದ. "ನಿಮ್ಮ ಹೆಂಡತಿ ರಸ್ತೆಗೆ ಇಳಿಯೋವಾಗ ನಿಮ್ಮ ಕಣ್ಣು ಎಲ್ಲಿತ್ತು? ಯೋಚಿಸಿ ಹೇಳಿ, ಅವಸರ ಇಲ್ಲ."

ಯೋಚಿಸಿದ. ನನ್ನ ಕಣ್ಣು ಬೇರೆಲ್ಲೋ ಇತ್ತು, ನಾನು ಅವಳನ್ನು ಮರೆತಿದ್ದೆ, ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಹೇಳಿದರೆ ನೋಡಿದ ಸಾಕ್ಷಿ ಇಲ್ಲ, ಅವಳ ಮಾತಿಗೆ ಆಸರೆಯಿಲ್ಲ, ಅರ್ಧಕ್ಕರ್ಧ ಕಡಿತ, ವಾಕರೇ ಗತಿ. ಅದಕ್ಕಾಗಿಯೇ ಹೇಳುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆ ಒಳ್ಳೆಯ ಕಾರಣದ ಹಿಂದೆ ಇನ್ನೊಂದು ಇದೆಯೆಂದು ತಕ್ಷಣ ಗೊತ್ತಾಯಿತು: ಇಷ್ಟು ಜನದ ಮುಂದೆ, ಆ ಹೆಡ್ಮಿಸ್ಸಿನಂಥವರ ಮುಂದೆ, ಹೆಂಡತಿಯನ್ನು ನಡುರಸ್ತೆಯಲ್ಲಿ ಮರೆತ ಗಂಡ ಎಂದು ನಿಲ್ಲುವುದು ತನ್ನಿಂದಾಗದು. ಯಾವುದು ಹೆಚ್ಚು, ಯಾವುದು ಕಡಿಮೆ, ಪಾಲು ಮಾಡುವವರು ಯಾರು?

"ಅವಳ ಮೇಲೇ ಇತ್ತು," ಎಂದ.

"ಹಾಗಾದ್ರೆ ಏನೇನು ಕಂಡ್ರಿ, ಹೇಳಿ."

ಮೇಸ್ತ್ರಿ ಹೇಳತೊಡಗಿದ. ಮೊದಮೊದಲು ಮಾತು ಮುಗ್ಗರಿಸಿತು, ಆಮೇಲೆ ತಾನಾಗಿ ಬಂತು. ಅವಳು ರಸ್ತೆಯಂಚಿನಲ್ಲಿ ನಿಂತಿದ್ದಳು. ಬಸ್ಸೊಂದು ಹೋಗುವವರೆಗೆ ತಡೆದಳು. ಇನ್ನೊಂದು ಬಂತು, ಅದಕ್ಕೂ ತಡೆದಳು. ಪಕ್ಕದಲ್ಲಿದ್ದವರು ದಾಟಿ ಹೋಗುತ್ತಿದ್ದರು, ಅವಳು ಹೋಗಲಿಲ್ಲ. ಅವಳಿಗೆ ರಸ್ತೆಯೆಂದರೆ ಹೆದರಿಕೆ, ಮೊದಲಿನಿಂದಲೂ. ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಒಂದು ಕಾಲು ಮುಂದಿಟ್ಟು ಹಿಂದೆ ತೆಗೆದುಕೊಂಡಳು. ಮತ್ತೆ ಬಲಕ್ಕೆ ನೋಡಿದಳು. ಆಮೇಲೆ ತುಟಿ ಬಿಗಿಹಿಡಿದು ಇಳಿದಳು. ಓಡಲಿಲ್ಲ. ತಲೆಯೆತ್ತಿಕೊಂಡು ನಡೆದು ಬಂದಳು, ಅರ್ಧ ರಸ್ತೆಯವರೆಗೆ ಬಂದುಬಿಟ್ಟಿದ್ದಳು. ಹೇಳುತ್ತ ಹೇಳುತ್ತ ಅವನಿಗೆ ಅವಳು ನಿಜವಾಗಿಯೂ ಕಂಡಳು. ಅಷ್ಟು ವರ್ಷ ದಾಟಿಸಿದವನು ಅವಳು ದಾಟುವುದನ್ನು ಮೊದಲ ಸಲ ನೋಡಿದ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮೊದಲ ಸಾಲಿನಲ್ಲಿ ಹೆಂಡತಿ ಯಾರದೋ ಕಥೆ ಕೇಳುವವಳಂತೆ ಕೊಂಚ ಮುಂದೆ ಬಾಗಿ ಕೂತಿದ್ದಳು.

"ಕೈಯಲ್ಲಿ ಏನಿತ್ತು?" ಎಂದರು ಕಂಪನಿಯ ವಕೀಲರು.

"ಚೀಲ. ರಿಪೇರಿಗೆ ಕೊಟ್ಟಿದ್ದ ಕುಕ್ಕರು ಅದರಲ್ಲಿತ್ತು."

"ಯಾವ ಕೈಯಲ್ಲಿ?"

"ಬಲಗೈಲಿ," ಎಂದ ಮೇಸ್ತ್ರಿ, ಒಂದು ಕ್ಷಣವೂ ತಡೆಯದೆ.

ವಕೀಲರು ಅವನನ್ನು ಇನ್ನೊಂದು ಗಳಿಗೆ ನೋಡಿ, ಸಾಕು, ಎಂದು ಕೂತರು. ಸರದಿ ಬಂದಾಗ ವ್ಯಾನಿನವನು ಹುಚ್ಚಿ ಎಂಬ ಮಾತನ್ನು ಹೇಳಲಿಲ್ಲ. ನನಗೆ ಸರಿಯಾಗಿ ನೆನಪಿಲ್ಲ ಎಂದಷ್ಟೇ ಗೊಣಗಿ ಕಂಪನಿಯ ವಕೀಲರಿಂದ ಕೆಂಗಣ್ಣಿನ ನೋಟ ಪಡೆದ. ಹೊರಗೆ ಬಂದ ಮೇಲೆ ವಕೀಲೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಏನ್ ಹೇಳಿದ್ರಿ ಮೇಸ್ತ್ರಿಗಳೇ! ಇಷ್ಟು ವಿವರವಾಗಿ ಯಾವ ಸಾಕ್ಷಿನೂ ಹೇಳಿದ್ದು ನಾನು ಕೇಳಿಲ್ಲ. ಇನ್ನು ಅಮ್ಮನ ಮೇಲೆ ತಪ್ಪು ಹೊರಿಸೋದು ಅವರಿಗೆ ಕಷ್ಟ. ಆಪರೇಷನ್ನಿಗೆ ಡಾಕ್ಟರ ಹತ್ರ ಮಾತಾಡಿಟ್ಕೊಳ್ಳಿ," ಎಂದಳು. ಎಲ್ಲ ಒಳ್ಳೆಯದಾಯಿತು ಎಂದು ಮೇಸ್ತ್ರಿ ನಕ್ಕ. ಆ ನಗು ಮುಖದ ಮೇಲೆ ಅಂಟಿಕೊಂಡು, ವಕೀಲೆ ಮೆಟ್ಟಿಲಿಳಿದು ಹೋದ ಮೇಲೂ ಹಾಗೇ ಉಳಿದಿತ್ತು. ಹೆಂಡತಿ ಏನಾದರೂ ಹೇಳಲಿ ಎಂದು ಕಾದ. ಸುಳ್ಳುಗಾರ ಎನ್ನಲಿ, ಬೈಯಲಿ. ಅಥವಾ ಬೆಳಗ್ಗೆಯಂತೆ ತಮಾಷೆಯನ್ನಾದರೂ ಮಾಡಲಿ.

ಅವಳು ವಾಕರಿನ ಮೇಲೆ ಭಾರ ಬಿಟ್ಟು ನಿಂತು ರಸ್ತೆಯ ಕಡೆ ನೋಡುತ್ತಿದ್ದಳು. ಅವಳ ಕಣ್ಣಂಚು ಒದ್ದೆಯಾಗಿತ್ತು.

"ಚೀಲ ಎಡಗೈಲಿತ್ತು," ಎಂದಳು. ಆಮೇಲೆ, ಬೇಸರವಿಲ್ಲದ, ಸಿಟ್ಟಿಲ್ಲದ ದನಿಯಲ್ಲಿ, "ಮಿಕ್ಕಿದ್ದೆಲ್ಲ, ನೀವು ನೋಡಿದ್ದಿದ್ರೆ, ಹಾಗೇ ಕಾಣ್ತಿತ್ತು," ಎಂದಳು.